ಕಿವಿ ಮಷಿನ್ನಿಗೆ ವಿಭೂತಿ ಹಚ್ಚಿದ್ದು

ಬೆಳಿಗ್ಗೆಯಿಂದ ಇದು ಐದನೆಯ ಸಲ. ಡಬ್ಬಿ ತೆರೆಯುವುದು, ಬಲಗಿವಿಯದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುವುದು, ಅದರ ಸಣ್ಣ ತೂತಿನಲ್ಲಿ ಏನೂ ಕೂತಿಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು, ಎಡಗಿವಿಯದಕ್ಕೂ ಅದೇ ಉಪಚಾರ ಮಾಡಿ ಡಬ್ಬಿ ಮುಚ್ಚುವುದು, ಗಿರಣಿಯ ಕಡೆ ನಾಲ್ಕು ಹೆಜ್ಜೆ ಹಾಕಿ ಮತ್ತೆ ವಾಪಸ್ ಬರುವುದು. "ಎಷ್ಟು ಸಲ ಅದನ್ನ ತಿಕ್ತೀರಿ, ಸವೆದು ಹೋದೀತು" ಎಂದು ನನ್ನ ಹೆಂಡತಿ ಗಿರಿಜಾ ಒಳಗಿನಿಂದ ಹೇಳಿದಳಂತೆ. ಮಷಿನ್ ಕೈಯಲ್ಲಿದ್ದುದರಿಂದ ನನಗೆ ಕೇಳಿಸಲಿಲ್ಲ. ಕಿವಿಗೆ ಹಾಕಿಕೊಂಡ ಮೇಲೆ ಬಂದು ಇನ್ನೊಮ್ಮೆ ಹೇಳಿದಳು. ನಮ್ಮ ಮನೆಯಲ್ಲಿ ಬೈಗುಳ ಕೂಡ ಎರಡೆರಡು ಸಲ ಖರ್ಚಾಗುತ್ತದೆ.

ಕೂತರೆ ಕೂರಲಾಗುತ್ತಿಲ್ಲ, ನಿಂತರೆ ನಿಲ್ಲಲಾಗುತ್ತಿಲ್ಲ. ಇವತ್ತು ಶನಿವಾರ. ಸೋಮವಾರ ನಮ್ಮಕ್ಕನನ್ನು ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಅವಳ ಗಂಟಲಿನಲ್ಲಿ ಒಂದು ಗಂಟು ಎದ್ದಿತ್ತು. ಒಂದು ಸಲ ಆಪರೇಷನ್ ಆಗಿದೆ, ಸ್ವಲ್ಪ ಉಳಿದಿದೆ, ಇನ್ನೊಂದು ಆಗಬೇಕು ಎನ್ನುತ್ತಾರೆ. ಅಕ್ಕ ಬೇಡ ಎಂದು ಹಟ ಹಿಡಿದಿದ್ದಳು. ಆ ಹಟಕ್ಕೆ ಕಾರಣ ನಾನು, ಮತ್ತು ಈ ಹುಣಸೆಬೀಜದಷ್ಟಿರುವ ಎರಡು ಮಷಿನ್ನುಗಳು. ಅದನ್ನೇ ಹೇಳಲು ಹೊರಟಿದ್ದೇನೆ, ನಡುವೆ ನಾನು ಎದ್ದು ಹೋಗಿ ಡಬ್ಬಿ ನೋಡಿ ಬಂದರೆ ನೀವು ಬೇಸರ ಮಾಡಿಕೊಳ್ಳಬಾರದು.

ಶಿಕಾರಿಪುರದಲ್ಲಿ ನಮ್ಮದು ಹಿಟ್ಟಿನ ಗಿರಣಿ. ನಮ್ಮಪ್ಪ ನಡೆಸಿದ, ಆಮೇಲೆ ನಾನು. ಗಿರಣಿಯ ಬೆಲ್ಟು ಹೊಡೆದುಕೊಳ್ಳುವ ಸದ್ದಿನಲ್ಲೇ ನಾನು ತೊಟ್ಟಿಲಲ್ಲಿ ಮಲಗಿದ್ದೆನಂತೆ. ಕರೆಂಟು ಹೋಗಿ ಗಿರಣಿ ನಿಂತರೆ ಎಚ್ಚರಾಗಿ ಅಳುತ್ತಿದ್ದೆನಂತೆ. ಅಂಥ ಸದ್ದಿನಲ್ಲಿ ಬಾಯಿಮಾತಿಗೆ ಕೆಲಸವಿಲ್ಲ. ಹೆಬ್ಬೆರಳು ತೋರುಬೆರಳು ಸೇರಿಸಿ ಉಜ್ಜಿದರೆ ಹಿಟ್ಟು ಸಣ್ಣಗೆ ಬರಬೇಕು. ಅಂಗೈ ಬಿಡಿಸಿ ಅಲ್ಲಾಡಿಸಿದರೆ ತರಿ. ಮೂಗು ಮುಟ್ಟಿಕೊಂಡರೆ ಖಾರದಪುಡಿ, ಅದಕ್ಕೆ ಬೇರೆ ಕಲ್ಲು. ಎಲ್ಲದಕ್ಕೂ ನಮ್ಮ ಕಡೆಯ ಉತ್ತರ ಒಂದೇ: ತಲೆ ಆಡಿಸುವುದು. ಹೀಗಾಗಿ ನನಗೆ ಕಿವಿ ಕೇಳಿಸುವುದು ಯಾವಾಗ ಕಡಿಮೆಯಾಯಿತೋ ನನಗೇ ತಿಳಿಯಲಿಲ್ಲ. ಗಿರಣಿಯಲ್ಲಿ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ, ಅಲ್ಲಿ ನಾನು ಎಲ್ಲರ ಸಮಕ್ಕೇ ಇದ್ದೆ.

ಆ ಸದ್ದನ್ನು ಸೀಳಿಕೊಂಡು ಬರುತ್ತಿದ್ದ ದನಿ ಒಂದೇ ಒಂದು, ನಮ್ಮಕ್ಕ ನೀಲಮ್ಮನದು. ನನಗಿಂತ ಏಳು ವರ್ಷ ದೊಡ್ಡವಳು. ಕಾಳಿನ ಡಬ್ಬಗಳನ್ನು ಸಾಲಾಗಿ ಇಡಿಸುವ ಕೆಲಸ ಅವಳದು. ಯಾರಾದರೂ ಸಾಲು ತಪ್ಪಿಸಿ ತಮ್ಮ ಡಬ್ಬವನ್ನು ಮುಂದೆ ಸರಿಸಿದರೆ ಅಕ್ಕ ಕೂತಲ್ಲಿಂದಲೇ ಒಂದು ಕೂಗು ಹಾಕುವಳು, ಡಬ್ಬ ತಾನಾಗಿ ಹಿಂದಕ್ಕೆ ಹೋಗುತ್ತಿತ್ತು. ಅವಳು ಮದುವೆಯಾಗಿ ಸೊರಬದ ಕಡೆ ಜಡೆ ಎಂಬ ಊರಿಗೆ ಹೋದ ಮೇಲೆ ಅಪ್ಪ ಸಾಲು ಕಾಯಲು ಒಂದು ಹಗ್ಗ ಕಟ್ಟಿಸಿದ. ಹಗ್ಗಕ್ಕೆ ಯಾರೂ ಹೆದರಲಿಲ್ಲ. ಜಡೆಯಲ್ಲಿ ಮೂರು ಗದ್ದೆ ಆಚೆ ನಾಟಿ ಮಾಡುವವರಿಗೆ ಅಕ್ಕ ಮನೆಯ ಹಿತ್ತಿಲಿನಿಂದಲೇ ಊಟಕ್ಕೆ ಬನ್ನಿ ಎಂದು ಕರೆಯುತ್ತಿದ್ದಳು. ನಾನು ಹೋದಾಗ ಅವಳ ಜೊತೆ ಮಾತಾಡಲು ನನಗೆ ಯಾವ ಮಷಿನ್ನೂ ಬೇಕಾಗಿರಲಿಲ್ಲ. ನನ್ನ ಕಿವುಡು ಎಲ್ಲರಿಗಿಂತ ತಡವಾಗಿ ಗೊತ್ತಾದದ್ದು ಅವಳಿಗೆ.

ತಲೆ ಆಡಿಸುವ ಚಟ ಗಿರಣಿಯಿಂದ ಹೊರಗೂ ಬಂತು. ಕಿವಿ ಮಂದವಾದವರೆಲ್ಲ ಇದನ್ನು ಬಲ್ಲರು. ಎದುರಿನವರ ತುಟಿ ನಿಂತ ಕೂಡಲೇ ಒಂದು ನಗು, ಒಂದು ತಲೆಯಾಟ, "ಆಗಲಿ ಆಗಲಿ". ನೂರಕ್ಕೆ ತೊಂಬತ್ತು ಸಲ ಇದು ನಡೆಯುತ್ತದೆ, ಏಕೆಂದರೆ ಜನ ಹೇಳುವುದರಲ್ಲಿ ತೊಂಬತ್ತು ಪಾಲು ಆಗಲಿ ಎನ್ನುವಂಥದ್ದೇ ಇರುತ್ತದೆ. ಉಳಿದ ಹತ್ತರಲ್ಲಿ ಕಷ್ಟ. ಬಂದಳಿಕೆ ಊರಿನ ಒಂದು ಮದುವೆಯಲ್ಲಿ ಯಾರೋ ಹಿರಿಯರು ಬಂದು ಏನೋ ಕೇಳಿದರು, ನಾನು ಆಗಲಿ ಎಂದೆ. ಐದು ನಿಮಿಷದಲ್ಲಿ ನನ್ನ ಹೆಗಲಿಗೆ ಟವೆಲು ಬಿತ್ತು, ಕೈಗೆ ಗೋಧಿ ಹುಗ್ಗಿಯ ಬಕೆಟ್ಟು ಬಂತು. ಬಡಿಸುವವರ ಉಸ್ತುವಾರಿ ನಾನು ಒಪ್ಪಿಕೊಂಡಿದ್ದೆನಂತೆ. ರೇಷ್ಮೆ ಅಂಚಿನ ಪಂಚೆ ಉಟ್ಟುಕೊಂಡು ನಾಲ್ಕು ಪಂಕ್ತಿ ಬಡಿಸಿದೆ. ಅವತ್ತು ಸಂಜೆ ಗಿರಿಜಾ ಒಂದೇ ಮಾತು ಹೇಳಿದಳು, "ನಾಳೆ ಮಷಿನ್ ತರಾದು." ಸೊರಬದ ಹೆಣ್ಣು, ಹೆಚ್ಚು ಮಾತಾಡುವವಳಲ್ಲ. ಹೇಳಿದಳೆಂದರೆ ಮುಗಿಯಿತು.

ಮಷಿನ್ ಅಳವಡಿಸಿದವರು ಒಬ್ಬ ಚಿಕ್ಕ ವಯಸ್ಸಿನ ಮೇಡಂ. ಕಿವಿಯೊಳಗೆ ಏನೋ ಹಿಟ್ಟು ತುಂಬಿ, ಅದು ಗಟ್ಟಿಯಾದ ಮೇಲೆ ತೆಗೆದು, ಅದರ ಅಳತೆಗೆ ಅಚ್ಚು ಮಾಡಿಸಿ ತರಿಸಿದರು. ಕೆಂಪು ಚುಕ್ಕಿಯದು ಬಲಗಿವಿಗೆ, ನೀಲಿಯದು ಎಡಗಿವಿಗೆ. ಆಮೇಲೆ ನೇಮಗಳನ್ನು ಹೇಳಿದರು. ದಿನಾ ಒಣ ಬಟ್ಟೆಯಲ್ಲಿ ಒರೆಸಬೇಕು. ಅಚ್ಚಿನಲ್ಲಿ ಗುಗ್ಗೆ ಕೂತಿದ್ದರೆ ಸಣ್ಣ ಬ್ರಶ್ಶಿನಿಂದ ತೆಗೆಯಬೇಕು, ಪಿನ್ನು ಹಾಕಿ ಕೆದಕಬಾರದು. ಬ್ಯಾಟರಿಯ ಮೇಲಿನ ಚೀಟಿ ಕಿತ್ತ ಕೂಡಲೇ ಒಳಗೆ ತುರುಕಬಾರದು, ಒಂದೆರಡು ನಿಮಿಷ ಗಾಳಿಯಾಡಲು ಬಿಡಬೇಕು. ಮಲಗುವಾಗ ಬ್ಯಾಟರಿಯ ಬಾಗಿಲು ತೆಗೆದು, ತೇವ ಹೀರುವ ಗುಂಡುಗಳಿರುವ ಡಬ್ಬಿಯಲ್ಲಿ ಇಡಬೇಕು. ಸ್ನಾನಕ್ಕೆ ಮೊದಲು ತೆಗೆಯಬೇಕು, ತಲೆಗೆ ಎಣ್ಣೆ ಹಚ್ಚುವಾಗಲೂ ತೆಗೆಯಬೇಕು. "ಮುಖ್ಯವಾಗಿ ನೀರು ಅಂಕಲ್, ನೀರು ತಾಗಬಾರದು" ಎಂದು ಮೂರು ಸಲ ಹೇಳಿದರು. ಮೂರು ಸಲವೂ ನನಗೆ ಸ್ಪಷ್ಟವಾಗಿ ಕೇಳಿಸಿತು. ಮಷಿನ್ ಕಿವಿಯಲ್ಲಿತ್ತು.

ನನಗೆ ಒಳಗೊಳಗೇ ನಗು ಬಂತು. ಮೂವತ್ತೆಂಟು ವರ್ಷ ಮಷಿನ್ ನೋಡಿಕೊಂಡವನಿಗೆ ಇದನ್ನೆಲ್ಲ ಹೇಳಬೇಕೆ ಎಂದುಕೊಂಡೆ. ಬೇರಿಂಗಿನ ಸದ್ದು ಕೇಳದಿದ್ದರೂ ಅಂಗೈ ಇಟ್ಟು ಅದರ ಕಾಯಿಲೆ ಹೇಳುವವನು ನಾನು. ಬೀಸುವ ಕಲ್ಲಿನ ಹಲ್ಲು ಸವೆದರೆ ಉಳಿ ಸುತ್ತಿಗೆ ಹಿಡಿದು ಕೂತು ಹೊಸದಾಗಿ ಕಚ್ಚು ಹಾಕುತ್ತೇನೆ. ಆದರೆ ಆ ಕೈಗೆ ಈ ಬ್ರಶ್ಶು ಸಿಗುವುದೇ ಇಲ್ಲ. ಹಿಡಿದರೆ ಬೆರಳ ಸಂದಿಯಲ್ಲಿ ಕಾಣೆಯಾಗುತ್ತದೆ. ಮೊದಲ ವಾರ ಬ್ಯಾಟರಿ ಕೈತಪ್ಪಿ ಜೋಳದ ರಾಶಿಗೆ ಬಿತ್ತು. ಜೋಳ ಜರಡಿ ಹಿಡಿದು ಹುಡುಕಿದೆವು. ಜೋಳದ ಯಜಮಾನರು ಎದುರಿಗೇ ನಿಂತಿದ್ದರು. "ರೊಟ್ಟ್ಯಾಗೆ ಬಂದ್ರೆ ನಮ್ಮ ಹೊಟ್ಟೆ ಮಾತಾಡಾಕೆ ಹತ್ತತೈತಿ, ಸರಿಯಾಗಿ ನೋಡ್ರಿ" ಎಂದರು.

ಹಾಕಿಕೊಂಡ ಮೊದಲ ದಿನವಂತೂ ಲೋಕ ಇಷ್ಟು ಗದ್ದಲದ್ದೆಂದು ತಿಳಿದು ತಲೆ ಕೆಟ್ಟಿತು. ನನ್ನ ಪಂಚೆಯೇ ಸರಸರ ಎನ್ನುತ್ತಿತ್ತು. ಒಗ್ಗರಣೆ ಸಿಡಿದರೆ ನಾನು ಹಾರಿ ಬೀಳುತ್ತಿದ್ದೆ. ಅಚ್ಚು ಸರಿಯಾಗಿ ಕೂರದಿದ್ದರೆ ಮಷಿನ್ ಕುಯ್ ಎಂದು ಕೂಗುತ್ತದೆ, ಬಸ್ಸಿನಲ್ಲಿ ಹತ್ತು ಜನ ತಮ್ಮ ತಮ್ಮ ಫೋನು ತೆಗೆದು ನೋಡುತ್ತಾರೆ, ನಾನೂ ನನ್ನ ಫೋನು ತೆಗೆದು ನೋಡುತ್ತೇನೆ. ಆದರೂ ಒಂದು ಹೆಮ್ಮೆ. ಅಕ್ಕನಿಗೆ ಫೋನು ಮಾಡಿ, ಈಗ ನಿಮ್ಮ ಜಡೆಯಲ್ಲಿ ಇರುವೆ ನಡೆದರೂ ನನಗೆ ಇಲ್ಲಿ ಗೊತ್ತಾಗುತ್ತದೆ ಎಂದು ಕೊಚ್ಚಿಕೊಂಡೆ. ಆಗಲೇ ಅವಳ ದನಿ ಒಡೆದಿತ್ತು. ಮಷಿನ್ ಸರಿಯಿಲ್ಲವೇನೋ ಎಂದು ನಾನು ಅದನ್ನು ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಸರಿಯಿಲ್ಲದ್ದು ಅವಳ ಗಂಟಲು. ಮೊದಲ ಆಪರೇಷನ್ ಆದ ಮೇಲೆ ಗದ್ದೆ ದಾಟುತ್ತಿದ್ದ ಆ ದನಿ ಬರೀ ಉಸಿರಾಗಿ ಹೋಯಿತು. ಪಕ್ಕದಲ್ಲಿ ಕೂತವರಿಗೂ ಬಗ್ಗಿದರೆ ಮಾತ್ರ ಕೇಳಿಸುತ್ತದೆ.

ಇಷ್ಟಾದ ಮೇಲೆ ಈ ವರ್ಷದ ಆಯುಧಪೂಜೆ ಬಂತು. ಗಿರಣಿಯವರಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಹಿಂದಿನ ದಿನವೇ ಗಿರಣಿಯನ್ನೆಲ್ಲ ತೊಳೆದು, ಮೋಟರಿಗೆ ಚೆಂಡುಹೂವಿನ ಸರ ಹಾಕಿ, ಮಣೆಯ ಮೇಲೆ ಉಳಿ, ಸುತ್ತಿಗೆ, ಸ್ಪಾನರು, ಗ್ರೀಸಿನ ಡಬ್ಬ, ತಕ್ಕಡಿ ಎಲ್ಲ ಜೋಡಿಸಿದೆ. ಆಯುಧವೆಂದರೆ ಯಾವುದರಿಂದ ಬದುಕುತ್ತೇವೋ ಅದು ಎಂದು ಅಪ್ಪ ಹೇಳುತ್ತಿದ್ದ. ನನಗೆ ಥಟ್ಟನೆ ಹೊಳೆಯಿತು. ಈಗ ಯಾವುದರಿಂದ ಬದುಕುತ್ತಿದ್ದೇನೆ? ಎರಡೂ ಕಿವಿಯಿಂದ ಮಷಿನ್ ತೆಗೆದು ಸುತ್ತಿಗೆಯ ಪಕ್ಕ ಇಟ್ಟೆ.

ನಮ್ಮಲ್ಲಿ ವಿಭೂತಿ ಎಂದರೆ ಪುಡಿಯಲ್ಲ, ಗಟ್ಟಿ. ನೀರಿನಲ್ಲಿ ಅದ್ದಿ, ಅಂಗೈಯಲ್ಲಿ ತೇಯ್ದು, ಮೂರು ಬೆರಳಿನಿಂದ ಎಳೆಯುವುದು. ಮೋಟರಿಗೆ ಎಳೆದೆ, ಕಲ್ಲಿಗೆ ಎಳೆದೆ, ಸುತ್ತಿಗೆಗೆ ಎಳೆದೆ. ಕಿವಿ ಮಷಿನ್ನಿಗೆ ಮೂರು ಬೆರಳು ಎಲ್ಲಿ ಹಿಡಿಯಬೇಕು, ಉಂಗುರದ ಬೆರಳಿನ ತುದಿಯಿಂದ ಒಂದೊಂದಾಗಿ ಮೂರು ಗೆರೆ ಬಹಳ ನಯವಾಗಿ ಎಳೆದೆ. ನಡುವೆ ಕುಂಕುಮದ ಬೊಟ್ಟು. ಹಿಂದೆ ನಿಂತಿದ್ದ ಗಿರಿಜಾ ಏನೋ ಹೇಳುತ್ತಿದ್ದಳು. ಮಂತ್ರ ಹೇಳುತ್ತಿದ್ದಾಳೆಂದು ತಿಳಿದು ನಾನೂ ಕೈ ಮುಗಿದೆ. "ಅದಕ್ಕೆ ಎಂತಕ್ರೀ ವಿಭೂತಿ, ನೀರು ತಾಗಬಾರದು ಅಂದಿರಲಿಲ್ವಾ ಮೇಡಂ" ಎಂದು ಕೂಗುತ್ತಿದ್ದಳೆಂಬುದು ಎರಡು ದಿನದ ಮೇಲೆ ತಿಳಿಯಿತು. ಪೂಜೆಗಿಟ್ಟ ಆಯುಧವನ್ನು ಅವತ್ತು ಮುಟ್ಟುವಂತಿಲ್ಲ. ಮಷಿನ್ನುಗಳು ಹಗಲೂ ರಾತ್ರಿಯೂ ಮಣೆಯ ಮೇಲೇ ಇದ್ದವು, ವಿಭೂತಿ ಚೆನ್ನಾಗಿ ಒಣಗಿ ಕಚ್ಚಿಕೊಂಡಿತು.

ಮಾರನೆಯ ದಿನ ವಿಜಯದಶಮಿ. ನಾನು ಎಲ್ಲಿದ್ದರೂ ಅವತ್ತು ಜಡೆಗೆ ಹೋಗಿ ಅಕ್ಕನ ಕೈಗೆ ಬನ್ನಿ ಎಲೆ ಕೊಟ್ಟು ಕಾಲಿಗೆ ಬೀಳಬೇಕು. ಮೊದಲ ಬನ್ನಿ ತಮ್ಮನದೇ ಆಗಬೇಕೆಂದು ಅವಳು ಬೇರೆಯವರಿಂದ ತೆಗೆದುಕೊಳ್ಳದೆ ಕಾಯುತ್ತಾಳೆ. ಬೆಳಿಗ್ಗೆ ಮಷಿನ್ ಒರೆಸಿ ಹಾಕಿಕೊಂಡರೆ ಸದ್ದಿಲ್ಲ. ಬ್ಯಾಟರಿ ಮುಗಿದಿರಬೇಕು ಎಂದುಕೊಂಡೆ. ಬಸ್ಸಿನಲ್ಲಿ ಹೊಸ ಬ್ಯಾಟರಿ ಹಾಕಿದೆ. ಸದ್ದಿಲ್ಲ. ಶಿರಾಳಕೊಪ್ಪದಲ್ಲಿ ತೆಗೆದು ಊದಿದೆ, ಸೊರಬದಲ್ಲಿ ಬಸ್ಸು ಬದಲಿಸುವಾಗ ಬ್ರಶ್ಶು ಹಾಕಿ ತಿಕ್ಕಿದೆ. ಮೇಲಿನ ಪುಡಿ ಉದುರಿತೇ ಹೊರತು ಪ್ರಯೋಜನವಾಗಲಿಲ್ಲ. ಇಡೀ ಬಸ್ಸು ಬಾಯಿ ಆಡಿಸುತ್ತಿತ್ತು, ನನ್ನ ಪಾಲಿಗೆ ಎಲ್ಲ ಗಾಜಿನ ಆಚೆ ನಡೆದಂತಿತ್ತು.

ಹೋದ ಕೂಡಲೇ ಹೇಳಬಹುದಿತ್ತು, ಮಷಿನ್ ಕೆಟ್ಟಿದೆ ಎಂದು. ಹೇಳಲಿಲ್ಲ. ಕೊಚ್ಚಿಕೊಂಡ ಬಾಯಿಯಿಂದ ಅದು ಹೊರಡಲಿಲ್ಲ ಎನ್ನುವುದು ಒಂದು. ಇನ್ನೊಂದು, ಅಕ್ಕ ಬಾಗಿಲಲ್ಲೇ ನಿಂತಿದ್ದಳು, ನನ್ನ ಕಿವಿ ಕಡೆ ಕೈ ತೋರಿಸಿ ನಕ್ಕಳು. ದನಿ ಹೋದವಳು ಕಿವಿ ಬಂದ ತಮ್ಮನಿಗಾಗಿ ಕಾದಿದ್ದಳು. ಅವಳಿಗೆ ಏನೆಂದು ಹೇಳಲಿ?

ಸಂಜೆ ಬನ್ನಿ ಕೊಟ್ಟ ಮೇಲೆ ಅಕ್ಕ ನನ್ನನ್ನು ಹಿತ್ತಿಲ ಕಟ್ಟೆಯ ಮೇಲೆ ಕೂರಿಸಿಕೊಂಡಳು. ನನ್ನ ಕೈ ಹಿಡಿದು ಬಹಳ ಹೊತ್ತು ಮಾತಾಡಿದಳು. ನಾನು ಅವಳ ತುಟಿ ನೋಡಿದೆ, ಕಣ್ಣು ನೋಡಿದೆ. ಹಬ್ಬದ ಮಾತು, ಸೊಸೆಯ ಮಾತು, ಗದ್ದೆಯ ಮಾತು ಇರಬೇಕು ಎಂದುಕೊಂಡೆ. ಕೊನೆಗೆ ತುಟಿ ನಿಂತಿತು. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ನಕ್ಕು, ತಲೆ ಆಡಿಸಿ, "ಆಗಲಿ ಅಕ್ಕಾ, ಆಗಲಿ" ಎಂದೆ. ಅವಳು ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ಒಳಗೆ ಎದ್ದು ಹೋದಳು.

ಊರಿಗೆ ವಾಪಸ್ ಬಂದ ಮಧ್ಯಾಹ್ನ ಅಕ್ಕನ ಮಗ ಮಂಜುನಾಥ ಫೋನು ಮಾಡಿದ. ಗಿರಿಜಾ ತೆಗೆದುಕೊಂಡಳು. ಅವಳ ಮುಖ ಬದಲಾದದ್ದು ನನಗೆ ಕಾಣಿಸಿತು. ಫೋನು ಇಟ್ಟು ನನ್ನ ಕಿವಿಯ ಹತ್ತಿರ ಬಂದು ಕೂಗಿ ಹೇಳಿದಳು, "ಆಪರೇಷನ್ ಬ್ಯಾಡ ಅಂತ ಅಕ್ಕ ಕೇಳಿದ್ಕೆ ನೀವು ಆಗಲಿ ಅಂದ್ರಂತೆ. ನನ್ನ ತಮ್ಮನೇ ಒಪ್ಪಿದಾನೆ, ಇನ್ಯಾರ ಮಾತೂ ಬ್ಯಾಡ ಅಂತ ಕೂತಾರಂತೆ. ಮಂಜು ಅಳ್ತಾ ಇದ್ದ."

ಹುಗ್ಗಿಯ ಬಕೆಟ್ಟು ಹೊತ್ತರೆ ಮುಗಿಯುವ ಒಪ್ಪಿಗೆ ಅಲ್ಲ ಇದು. ಫೋನಿನಲ್ಲಿ ಹೇಳೋಣವೆಂದರೆ ನನಗೆ ಕೇಳಿಸದು, ಅವಳಿಗೆ ದನಿ ಬಾರದು, ಬೇರೆಯವರಿಂದ ಹೇಳಿಸಿದರೆ ಅವಳು ಒಪ್ಪಳು. ಆ ಗಳಿಗೆಯಲ್ಲೇ ಮೇಡಂ ಹತ್ತಿರ ಓಡಿದೆ. ಅವರು ಮಷಿನ್ ಬಿಚ್ಚಿ, ಕನ್ನಡಕ ಮೇಲೇರಿಸಿ, ಒಂದು ಹಾಳೆಯಲ್ಲಿ ಬರೆದು ತೋರಿಸಿದರು: "ಇದೇನು ಅಂಕಲ್, ಸಿಮೆಂಟಾ?" ವಿಭೂತಿ ಎಂದೆ. ಅವರು ಬ್ರಶ್ಶಿನ ತುದಿಯಿಂದ ಅದನ್ನು ಕೆರೆದು ನೋಡಿದರು. ಆಮೇಲೆ, ಒಳಗೆ ತೇವ ಹೋಗಿದೆ, ಎರಡು ದಿನ ಬಿಡಿ, ಆಗುವುದು ಹೋಗುವುದು ಆಮೇಲೆ ಎಂದು ಬರೆದರು.

ಆ ಎರಡು ದಿನ ನಾನು ಗಿರಣಿಯ ಬಾಗಿಲಿಂದ ಬಸ್‌ಸ್ಟ್ಯಾಂಡಿಗೆ, ಬಸ್‌ಸ್ಟ್ಯಾಂಡಿಂದ ಮೇಡಂ ಬಾಗಿಲಿಗೆ ಎಷ್ಟು ಸಲ ನಡೆದೆನೋ ಲೆಕ್ಕವಿಲ್ಲ. ಗೋಧಿಗೆ ಹಾಕಬೇಕಾದ ಕಲ್ಲಿಗೆ ಅಕ್ಕಿ ಹಾಕಿದೆ. ಅಪ್ಪ ಸತ್ತಾಗಲೂ ನಾನು ಹೀಗೆ ಹೆದರಿರಲಿಲ್ಲ. ಅವನು ಹೋದದ್ದು ನನ್ನ ತಲೆಯಾಟದಿಂದ ಅಲ್ಲವಲ್ಲ.

ಮೂರನೆಯ ದಿನ ಮಷಿನ್ ಬದುಕಿತು. ಕಿವಿಗೆ ಹಾಕಿದ ಕೂಡಲೇ ಮೇಡಂ ಕೇಳಿದ ಮೊದಲ ಪ್ರಶ್ನೆ, "ಇನ್ನೊಂದು ಸಲ ಮಾಡಲ್ಲ ಅಲ್ವಾ?" ತಲೆ ಆಡಿಸಲು ಹೋದವನು ತಡೆದುಕೊಂಡು, "ಕೇಳಿಸಿತು ಮೇಡಂ, ಮಾಡುವುದಿಲ್ಲ" ಎಂದು ಬಾಯಿಬಿಟ್ಟು ಹೇಳಿದೆ. ಅಲ್ಲಿಂದಲೇ ಬಸ್ಸು ಹತ್ತಿದೆ. ಕುಪ್ಪಗಡ್ಡೆಯ ಒಬ್ಬರು ಪಕ್ಕದಲ್ಲಿ ಕೂತು ಅಡಿಕೆಯ ಧಾರಣೆ ಹೇಳುತ್ತ ಬಂದರು. ಎಲ್ಲ ಕೇಳಿಸಿತು, ಒಂದೂ ಒಳಗೆ ಇಳಿಯಲಿಲ್ಲ.

ಅಕ್ಕ ನಡುಮನೆಯಲ್ಲಿ ಕೂತು ತೊಗರಿಬೇಳೆ ಆರಿಸುತ್ತಿದ್ದಳು. ಮಂಜುನಾಥ ಬಾಗಿಲಲ್ಲಿ ನಿಂತಿದ್ದ, ನನ್ನ ಮುಖ ನೋಡಲಿಲ್ಲ. ನಾನು ಫ್ಯಾನು ನಿಲ್ಲಿಸಿದೆ, ಟಿವಿ ನಿಲ್ಲಿಸಿದೆ, ಅಕ್ಕನ ಎಡಕ್ಕೆ ನನ್ನ ಬಲಗಿವಿ ಬರುವಂತೆ ಕೂತೆ. "ಅಕ್ಕಾ, ಅವತ್ತು ನಂಗೆ ಏನೂ ಕೇಳಿರಲಿಲ್ಲ. ಮಷಿನ್ ಕೆಟ್ಟಿತ್ತು. ಸುಮ್ನೆ ಆಗಲಿ ಅಂದೆ" ಎಂದೆ.

ಅವಳು ಬೇಳೆಯಿಂದ ಕೈ ತೆಗೆಯಲಿಲ್ಲ. ಉಸಿರಿನಂಥ ದನಿ ನನ್ನ ಕಿವಿಗೆ ಬಂತು. "ಗೊತ್ತಿತ್ತು ಕಣೋ."

"ಗೊತ್ತಿತ್ತಾ?"

"ಕೇಳದೇ ಇದ್ದಾಗ ನೀನು ಜಾಸ್ತಿ ನಗ್ತೀಯ. ಗಿರಣಿ ಸದ್ದಲ್ಲಿ ಸಣ್ಣವನಿದ್ದಾಗಿಂದ ನೋಡಿಲ್ವಾ ನಾನು. ಕೇಳಿದ್ರೆ ನೀನೂ ಇವರ ಹಂಗೇ ಬಯ್ತಿದ್ದಿ. ಹ್ಞೂಂ ಅನ್ನೋರು ಒಬ್ರು ಬೇಕಾಗಿತ್ತು ನಂಗೆ."

ನನಗೆ ಸಿಟ್ಟು ಬಂತು, ಅಳುವೂ ಬಂತು. ಅವಳ ಮೇಲೆ ನಾನು ದನಿಯೆತ್ತಿದ್ದು ಜನ್ಮದಲ್ಲಿ ಅದೇ ಮೊದಲು. "ಆ ಹ್ಞೂಂ ಲೆಕ್ಕಕ್ಕಿಲ್ಲ. ಈಗ ಕಿವಿಯಲ್ಲಿ ಮಷಿನ್ ಐತಿ, ಈಗ ಹೇಳ್ತೀನಿ ಕೇಳು. ಆಪರೇಷನ್ ಮಾಡಿಸ್ಕೋಬೇಕು" ಎಂದೆ.

ಅಕ್ಕ ಬಹಳ ಹೊತ್ತು ಬೇಳೆ ಆರಿಸಿದಳು. ಒಂದೊಂದು ಬೇಳೆ ಮೊರಕ್ಕೆ ಬೀಳುವುದು ನನಗೆ ಕೇಳಿಸುತ್ತಿತ್ತು. ಆಮೇಲೆ ಮೊರ ಬದಿಗಿಟ್ಟು ನನ್ನ ಕಡೆ ತಿರುಗಿದಳು. "ಭಯ ಆಗ್ತದೆ ತಮ್ಮಾ. ಆ ಡಾಕ್ಟ್ರು ಬಾಯಿ ತೆಗೆದ್ರೆ ಸಾಕು, ನಂಗೊಂದೂ ಕಿವಿಗೆ ಹೋಗಲ್ಲ. ಅವರು ಎಂತೆಂತದೋ ಹೇಳ್ತಾರೆ, ನಾನು ತಲೆ ಆಡಿಸ್ತೀನಿ, ಅಷ್ಟೇ. ಹೋದ್ಸಲ ಹಿಂಗೇ ಆಗಿದ್ದು. ಎದ್ದು ನೋಡಿದ್ರೆ ದನಿ ಇರ್ಲಿಲ್ಲ. ಸೋಮವಾರ ನೀನು ಬಾ. ಅವರು ಹೇಳಿದ್ದು ನೀನು ಕೇಳ್ಕ, ಕೇಳ್ಕಂಡು ಹೊರಗೆ ಬಂದು ನಂಗೆ ಹೇಳು. ಆಮೇಲೆ ಮಾಡಿಸ್ಕಂತೀನಿ."

"ನಾನಿದೀನಲ್ಲಮ್ಮ" ಎಂದ ಮಂಜುನಾಥ ಬಾಗಿಲಿಂದ. "ಮಾವಂಗೆ ಮೊದ್ಲೇ ಕಿವಿ..." ಎಂದವನು ಅಲ್ಲಿಗೇ ನಿಲ್ಲಿಸಿದ.

"ನೀನು ಪೂರ್ತಿ ಕೇಳ್ತೀಯ, ಅರ್ಧ ಮುಚ್ಚಿಟ್ಟು ಹೇಳ್ತೀಯ. ಹೋದ್ಸಲ ಹಂಗೇ ಮಾಡಿದಿ. ಇವನು ಕಷ್ಟಪಟ್ಟು ಕೇಳ್ಬೇಕು, ಒಂದು ಮಾತೂ ಚೆಲ್ಲಲ್ಲ."

ಹೀಗೆ ನನಗೆ ಈ ಕೆಲಸ ಬಂದಿದೆ. ಎಲ್ಲರ ಕಿವಿಯೂ ನೆಟ್ಟಗಿರುವ ಮನೆಯಲ್ಲಿ ಅಕ್ಕ ತನ್ನ ಪರವಾಗಿ ಕೇಳಿಸಿಕೊಳ್ಳುವುದಕ್ಕೆ ನನ್ನನ್ನು ಆರಿಸಿದ್ದಾಳೆ. ಹೊಸ ಬ್ಯಾಟರಿ ಎರಡು ಜೊತೆ ಅಂಗಿಯ ಜೇಬಿನಲ್ಲಿವೆ, ಒಂದು ಜೊತೆ ಗಿರಿಜಾಳ ಚೀಲದಲ್ಲಿದೆ. ಮೇಡಂ ಹತ್ತಿರ ಹೋಗಿ ಅಚ್ಚಿನ ಟ್ಯೂಬು ಬದಲಿಸಿಕೊಂಡು ಬಂದಿದ್ದೇನೆ. ತೇವ ಹೀರುವ ಗುಂಡುಗಳನ್ನು ಹೊಸದಾಗಿ ಹಾಕಿದ್ದೇನೆ. ಇಷ್ಟಾದರೂ ಕಾಲು ನಿಂತಲ್ಲಿ ನಿಲ್ಲುವುದಿಲ್ಲ. ಡಾಕ್ಟರು ಹೇಳಿದ್ದು ನನಗೆ ಕೇಳಿಸದೇ ಹೋದರೆ ಎಂಬುದು ಒಂದು ಭಯ. ಎಲ್ಲ ಸರಿಯಾಗಿ ಕೇಳಿಸಿಬಿಟ್ಟರೆ, ಅದನ್ನು ಹೊರಗೆ ಬಂದು ಅಕ್ಕನ ಮುಖ ನೋಡಿಕೊಂಡು ಹೇಳಬೇಕಲ್ಲ ಎಂಬುದು ಇನ್ನೊಂದು. ಮೊದಲನೆಯದಕ್ಕಾದರೆ ಬ್ರಶ್ಶು ಇದೆ, ಬ್ಯಾಟರಿ ಇದೆ. ಅದನ್ನಾದರೂ ಮಾಡೋಣವೆಂದು ಆರನೆಯ ಸಲ ಡಬ್ಬಿ ತೆರೆಯುತ್ತಿದ್ದೇನೆ.